ಹುಲಿಯೂ ಪೇತ್ರನೂ

ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯ 1937ರಲ್ಲಿ ಹೊರಬಂದಿತು. ಯೇಸುವಿನ ಕಡೆಯ ದಿನವೇ ಅದರ ವಸ್ತು. ಪೈಗಳ ಹೆಸರಿನ ಸಂಶೋಧನ ಕೇಂದ್ರ ಉಡುಪಿಯಲ್ಲಿಯೇ ಇರುವುದರಿಂದ ನಮ್ಮೂರಿನ ವಿದ್ಯಾರ್ಥಿಗಳಿಗೆ ಕವಿಯ ಹೆಸರು ಹೊಸದಲ್ಲ. ಈಚೆಗೆ ಈ ಕಾವ್ಯವನ್ನು ಕುರಿತು ತರಗತಿಯಲ್ಲಿ ಮಾತನಾಡಿ ಮುಗಿಸಿದಾಗ ಕಾಪುವಿನ ಕಡೆಯ ಮೊಗವೀರರ ಹುಡುಗನೊಬ್ಬ ಎದ್ದು ನಿಂತು, “ಗುರು ಸತ್ತ ಮೇಲೆ ಆ ಮೀನುಗಾರ ಶಿಷ್ಯರು ಏನು ಮಾಡಿದರು ಸಾರ್?” ಎಂದು ಕೇಳಿದ. “ಮತ್ತೆ ಮೀನು ಹಿಡಿಯಲು ಹೋದರು” ಎಂದೆ. ತರಗತಿ ನಕ್ಕಿತು. ಅವನು ನಗಲಿಲ್ಲ. ಬಲೆಗೆ ಹಿಂದಿರುಗುವುದೆಂದರೇನೆಂದು ಅವನಿಗೆ ಗೊತ್ತು.

ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪೈಗಳು ‘ವೈಶಾಖಿ’ಯಲ್ಲಿ ಬುದ್ಧನ ಕಡೆಯ ದಿನವನ್ನೂ ಹಾಡಿದವರು. ಮಹಾತ್ಮರು ಸಾವನ್ನು ಎದುರುಗೊಂಡ ಬಗೆಯಲ್ಲಿ ಅವರ ಕಣ್ಣು ನೆಟ್ಟಿತ್ತು. ಕಡೆಯ ದಿನವನ್ನು ಹಾಡುವ ಕಾವ್ಯ ಮರುದಿನವನ್ನು ಹೇಳಲಿಲ್ಲವೆಂದು ದೂರುವುದು ವಿಮರ್ಶೆಯಲ್ಲ. ಆದರೆ ಓದುಗರಾದ ನಾವು ಅಲ್ಲಿಗೇ ನಿಂತುಬಿಟ್ಟೆವೇನೋ ಎಂಬ ಸಂಶಯ ನನ್ನದು. ಕಿಟ್ಟೆಲರು 1862ರಷ್ಟು ಹಿಂದೆಯೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ನಮ್ಮ ಛಂದಸ್ಸಿಗೆ ತಂದರು, ನಾವು ನೆನೆಯುವುದು ಅವರ 1894ರ ನಿಘಂಟನ್ನು ಮಾತ್ರ. ಕಾರ್ಕಳದ ಬಳಿಯ ಅತ್ತೂರಿನಲ್ಲಿ ಜನವರಿಯಲ್ಲಿ ನಡೆಯುವ ಸಂತ ಲಾರೆನ್ಸರ ಜಾತ್ರೆಗೆ ಜಾತಿಮತ ನೋಡದೆ ಜನ ಹೋಗುತ್ತಾರೆ, ಮೊಂಬತ್ತಿ ಹಚ್ಚುತ್ತಾರೆ. ಶಿಲುಬೆಯನ್ನು ತ್ಯಾಗದ ಗುರುತಾಗಿ ನಾವೆಲ್ಲ ಬಲ್ಲೆವು. ಸೋತವನನ್ನು ಕ್ರೈಸ್ತ ಧರ್ಮ ಹೇಗೆ ಕಾಣುತ್ತದೆಂಬುದು ತಿಳಿಯಬೇಕಾದರೆ ಮಾತ್ರ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯಕ್ಕೆ ಹೋಗಬೇಕು.

ಯೇಸು ಸೆರೆಯಾದ ರಾತ್ರಿ ಶಿಷ್ಯನಾದ ಪೇತ್ರ ಅಂಗಳದಲ್ಲಿ ಕೆಂಡಕ್ಕೆ ಮೈ ಕಾಯಿಸುತ್ತ ನಿಂತು, ಆತನನ್ನು ನಾನರಿಯೆನೆಂದು ಮೂರು ಸಲ ಹೇಳಿದ. ಆಮೇಲೆ ಕೋಳಿ ಕೂಗಿತು. ಕೊನೆಯ ಅಧ್ಯಾಯದಲ್ಲಿ ಅವನು ತಿಬೇರಿಯ ಸರೋವರದ ದೋಣಿಯಲ್ಲಿದ್ದಾನೆ. ರಾತ್ರಿಯೆಲ್ಲ ಬಲೆ ಬೀಸಿದರೂ ಒಂದು ಮೀನೂ ಇಲ್ಲ. ಬೆಳಗಾದಾಗ ದಡದಲ್ಲಿ ನಿಂತವನೊಬ್ಬ ಬಲಗಡೆಗೆ ಬೀಸಲು ಹೇಳುತ್ತಾನೆ. 153 ಮೀನು ಸಿಗುತ್ತವೆ. ದಡಕ್ಕೆ ಬಂದರೆ ಅಲ್ಲಿ ಕೆಂಡವಿದೆ, ಮೀನಿದೆ, ರೊಟ್ಟಿಯಿದೆ. ಕೆಂಡದ ಬೆಂಕಿಗೆ ಇಲ್ಲಿ ಬಳಸಿರುವ ಗ್ರೀಕ್ ಶಬ್ದ ಹೊಸ ಒಡಂಬಡಿಕೆಯಲ್ಲೆಲ್ಲ ಎರಡೇ ಕಡೆ ಬರುತ್ತದೆ: ಸೋತ ಅಂಗಳದಲ್ಲೊಮ್ಮೆ, ಈ ದಡದಲ್ಲೊಮ್ಮೆ.

ಊಟವಾದ ಬಳಿಕ ಗುರು, “ಏಕೆ ಹಾಗೆ ಮಾಡಿದೆ?” ಎಂದು ಕೇಳುವುದಿಲ್ಲ. ತನ್ನ ಮೇಲೆ ಪ್ರೀತಿಯುಂಟೇ ಎಂದು ಕೇಳುತ್ತಾನೆ, ಮೂರು ಸಲ. ಮೂರನೆಯ ಸಲಕ್ಕೆ ಪೇತ್ರ ನೊಂದುಕೊಳ್ಳುತ್ತಾನೆ. ನೋವಿಲ್ಲದ ಕ್ಷಮೆಯಲ್ಲ ಇದು. ಹಳೆಯ ಗಾಯವನ್ನು ತೊಳೆದೇ ಕಟ್ಟುವ ಕೈ. ಪ್ರತಿಯೊಂದು ಉತ್ತರದ ಬೆನ್ನಿಗೂ ಒಂದು ಕೆಲಸ ಬರುತ್ತದೆ: ಕುರಿಗಳನ್ನು ನೋಡಿಕೊಳ್ಳುವ ಕೆಲಸ. “ಕ್ಷಮಿಸಿದೆ” ಎಂಬ ಮಾತು ಆ ಸಂಭಾಷಣೆಯಲ್ಲಿ ಎಲ್ಲಿಯೂ ಇಲ್ಲ. ಆ ಕೆಲಸವೇ ಕ್ಷಮೆ.

ನಮ್ಮ ಗೋವಿನ ಹಾಡನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಪುಣ್ಯಕೋಟಿಯ ಸತ್ಯಕ್ಕೆ ಸೋತ ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಕೇಳಿ ಅಳದ ಕನ್ನಡ ಮಗುವಿಲ್ಲ. ಆದರೆ ಯೋಚಿಸಬೇಕಾದುದೊಂದಿದೆ. ಪಶ್ಚಾತ್ತಾಪಕ್ಕೆ ಸಾವಲ್ಲದೆ ಬೇರೆ ದಾರಿಯೇ ಇಲ್ಲವೆ? ಯೂದನೂ ಪಶ್ಚಾತ್ತಾಪಪಟ್ಟವನೇ; ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಹಿಂದಿರುಗಿಸಿ ಕೊರಳಿಗೆ ಉರುಲು ಹಾಕಿಕೊಂಡ. ಅವನದು ಹುಲಿಯ ದಾರಿ. ಪೇತ್ರ ಬದುಕಿ ಉಳಿದು ದಡಕ್ಕೆ ಬಂದ. ಹುಲಿಯನ್ನು ತಡೆದು, “ಸಾಯಬೇಡ, ಇನ್ನು ಮೇಲೆ ಈ ದೊಡ್ಡಿಯನ್ನು ಕಾಯಿ” ಎಂದು ಪುಣ್ಯಕೋಟಿ ಹೇಳಿದ್ದರೆ? ಹಾಡಿನ ಸೊಗಸು ಕೆಡುತ್ತಿತ್ತು, ನಿಜ. ಆದರೆ ಯೋಹಾನನ ಕಥೆ ಹೇಳುವುದು ಅದನ್ನೇ.

ತಪ್ಪಿದವನ ಕೈಗೆ ಮಂದೆಯನ್ನು ಕೊಡುವುದು ಅಪಾಯವಲ್ಲವೇ ಎಂದು ಕೇಳಬಹುದು. ಅಪಾಯವೇ. ಅಂತಿಯೋಕ್ಯದಲ್ಲಿ ಪೇತ್ರ ಮತ್ತೆ ಹೆದರಿ, ಅನ್ಯಜನರೊಡನೆ ಉಣ್ಣುವುದನ್ನು ಬಿಟ್ಟು ಹಿಂದೆ ಸರಿದ. ಪೌಲ ಅವನನ್ನು ಮುಖದೆದುರಿಗೇ ಖಂಡಿಸಿದ. ಕ್ಷಮೆ ಅವನನ್ನು ನಿರ್ದೋಷಿಯನ್ನಾಗಿ ಮಾಡಲಿಲ್ಲ; ಕೆಲಸಕ್ಕೆ ಯೋಗ್ಯನೆಂದು ನಂಬಿತು, ಅಷ್ಟೆ.

ಇದನ್ನು ಬರೆಯುವ ಹಕ್ಕು ನನಗೆಷ್ಟೆಂದು ನನಗೆ ತಿಳಿಯದು. ಬಹಳ ಹಿಂದೆ ನಾನು ಕಾಲೇಜಿನ ವಾರ್ಷಿಕ ಸಂಚಿಕೆಯ ಸಂಪಾದಕನಾಗಿದ್ದಾಗ ವಿದ್ಯಾರ್ಥಿಯೊಬ್ಬ ಬೇರೊಬ್ಬರ ಕವಿತೆಯನ್ನು ತನ್ನದೆಂದು ಕೊಟ್ಟು ಸಿಕ್ಕಿಬಿದ್ದ. ಕೋಣೆಗೆ ಕರೆದು ಬೈದೆ. ಅವನು ಅತ್ತ. “ಹೋಗು, ಕ್ಷಮಿಸಿದ್ದೇನೆ” ಎಂದೆ. ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿದೆ. ಕಳೆದ ವರ್ಷ ಮಣಿಪಾಲದ ಬಸ್ ನಿಲ್ದಾಣದಲ್ಲಿ ಅವನು ಕಂಡ. ಒಳ್ಳೆಯ ಉದ್ಯೋಗ, ಸಂಸಾರ. ಬಸ್ಸು ಬರುವ ಹೊತ್ತಿಗೆ ಮೆಲ್ಲಗೆ ಹೇಳಿದ: “ಆಮೇಲೆ ನೀವು ನನ್ನನ್ನು ಬರೆಯಲು ಕರೆಯಲೇ ಇಲ್ಲ ಸಾರ್.”

ನಾನು ಅಂಗಳದ ಕೆಂಡದ ಬಳಿಯೇ ಅವನನ್ನು ಬಿಟ್ಟು ಬಂದಿದ್ದೆ.

‘ಗೊಲ್ಗೊಥಾ’ ಮುಗಿದಲ್ಲಿಂದ ಆರಂಭವಾಗುವ ಕಾವ್ಯವೊಂದು ಕನ್ನಡಕ್ಕೆ ಬೇಕು. ಅದಕ್ಕೆ ಬೇಕಾದ ದೋಣಿ, ಬಲೆ, ಬರಿಗೈಯ ಬೆಳಗು, ಎಲ್ಲವೂ ನಮ್ಮ ಕರಾವಳಿಯಲ್ಲಿವೆ. ಕಾಪುವಿನ ಹುಡುಗನಿಗೆ ಬರೆದು ನೋಡೆಂದು ಹೇಳಿದ್ದೇನೆ. ಹಳೆಯ ವಿದ್ಯಾರ್ಥಿಗೂ ಒಂದು ಕಾಗದ ಹಾಕಿದ್ದೇನೆ. ಅದರಲ್ಲಿ ಕ್ಷಮೆಯ ಮಾತಿಲ್ಲ. ಈ ವರ್ಷದ ಸಂಚಿಕೆಗೆ ಒಂದು ಕವಿತೆ ಕೇಳಿದ್ದೇನೆ.