ಐದು ಉಕ್ಕಿನ ಗುಂಡುಗಳು

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನನ್ನ ಮೆಚ್ಚುಗೆಗೆ ಮೊದಲು ಪಾತ್ರವಾಗುವುದು, ಚೌಕಟ್ಟಿನಿಂದ ಜೋಡಿದಾರಗಳಲ್ಲಿ ತೂಗುತ್ತ, ಒಂದನ್ನೊಂದು ತಾಗಿಯೂ ಒತ್ತದೆ ನಿಂತ ಐದು ಉಕ್ಕಿನ ಗುಂಡುಗಳ ಸಾಲು. ತುದಿಯದೊಂದನ್ನು ಎತ್ತಿ ಬಿಟ್ಟರೆ, 'ಟಕ್' ಎಂಬ ಸದ್ದಿನೊಡನೆ ಅದು ನಿಶ್ಚಲವಾಗಿ, ನಡುವಿನ ಮೂರೂ ಅಲುಗಿದಂತೆ ತೋರದಿರಲು, ಆಚೆಯದು ಹೆಚ್ಚುಕಡಮೆ ಅಷ್ಟೇ ಎತ್ತರಕ್ಕೆ ಚಿಮ್ಮುವುದು. ಎರಡನ್ನು ಬಿಟ್ಟರೆ ಎರಡೇ ಚಿಮ್ಮುವುವು, ಒಂದೇ ಗುಂಡು ಇಮ್ಮಡಿ ವೇಗದಿಂದ ಹೊರಟಿದ್ದರೂ ಸಂವೇಗದ ಲೆಕ್ಕವು ಸರಿಹೋಗುತ್ತಿತ್ತು, ಆದರೆ ಚಲನಶಕ್ತಿ ಇಮ್ಮಡಿಯಾಗಬೇಕಿತ್ತು, ಅದನ್ನು ಕೊಡುವವರಾರು? ಈ ಎರಡನೆಯ ಸಾಕ್ಷಿಯನ್ನು ಮರೆತು ಕೀರ್ತಿಯೆಲ್ಲವನ್ನೂ ಸಂವೇಗಕ್ಕೇ ಸಲ್ಲಿಸುವುದು ಅನ್ಯಾಯವೆಂದೇ ನನ್ನೆಣಿಕೆ.

ಈ ಸಾಧನಕ್ಕೆ ಅಂಟಿದ ಹೆಸರು ನ್ಯೂಟನ್ನನದಾದರೂ, ತೂಗುಗುಂಡುಗಳ ಪ್ರಯೋಗಗಳನ್ನು 1673ರಲ್ಲೇ ಗ್ರಂಥಸ್ಥಗೊಳಿಸಿದವನು ಫ್ರಾನ್ಸಿನ ಮಾರಿಯೊತ್.

ಯಾಪಲದಿನ್ನಿಯಂತಹ ರಾಯಚೂರು ಸೀಮೆಯ ಊರಿನಲ್ಲಿ ಗೋಲಿಯಾಡಿ ಬೆಳೆದ ಬಾಲಕನಿಗೆ, ನೇರವಾಗಿ ಹೊಡೆದ ಗೋಲಿ ಅಲ್ಲೇ ನಿಂತು, ಹೊಡೆಸಿಕೊಂಡದ್ದು ಓಡುವ ಚಮತ್ಕಾರವು ಅಪರಿಚಿತವಲ್ಲ. ಆದರೆ ನೆಲದ ಧೂಳು ಅಲ್ಲಿ ತನ್ನ ಸುಂಕವನ್ನು ವಸೂಲು ಮಾಡದೆ ಬಿಡದು. ದಾರದ ಗುಂಡಿಗೆ ಆ ಕಾಟವಿಲ್ಲ, ಬೇರೊಂದುಂಟು. ಒಂದು ದಾರವು ಕೂದಲೆಳೆಯಷ್ಟು ಉದ್ದವಾದರೂ ಗುಂಡುಗಳ ಕೇಂದ್ರಗಳು ಸರಳರೇಖೆಯನ್ನು ತಪ್ಪಿ, ಸಾಲೆಲ್ಲವೂ ಓಲಾಡತೊಡಗುವುದರಿಂದ, ಬಲ್ಲ ಅಧ್ಯಾಪಕರು ವಿದ್ಯಾರ್ಥಿಗಳು ಬರುವ ಮುನ್ನವೇ ಗಂಟುಗಳನ್ನು ಬಿಚ್ಚಿ ಬಿಗಿದಿರುತ್ತಾರೆ.