ಮುಪ್ಪಿನ ವರ್ಣನೆಯೂ ಎಲುಬಿನ ಸಾಕ್ಷ್ಯವೂ

ಮುಪ್ಪಿನ ಲಕ್ಷಣಗಳನ್ನು ಒಂದಾದಮೇಲೊಂದರಂತೆ ಎಣಿಸಿ, ಅವು ಬಂದೊದಗುವುದಕ್ಕೆ ಮೊದಲೇ ಕೂಡಲಸಂಗಮದೇವನನ್ನು ಆರಾಧಿಸಬೇಕೆಂದು ಎಚ್ಚರಿಸುವ ಬಸವಣ್ಣನವರ ವಚನವು ಕನ್ನಡ ವಾಚಕರಿಗೆ ಚಿರಪರಿಚಿತವಾದುದು. ನರೆ, ಸುಕ್ಕು, ಉದುರಿದ ಹಲ್ಲು, ಬಾಗಿದ ಬೆನ್ನು, ಕೈಯ ಕೋಲು ಇವೆಲ್ಲವೂ ಅಲ್ಲಿ ಕಾಲವೆಂಬ ಒಂದೇ ಕಾರಣದ ಕಾರ್ಯಗಳು. ವಚನದ ಮಟ್ಟಿಗೆ ಈ ಅರ್ಥವು ಯುಕ್ತವೇ ಸರಿ. ಆದರೆ ಬಾಗಿದ ಬೆನ್ನನ್ನು ಕಂಡೆಡೆಯಲ್ಲೆಲ್ಲ ಮುಪ್ಪನ್ನೇ ಊಹಿಸುವ ವ್ಯಾಖ್ಯಾನವು ಎಲ್ಲ ಸೀಮೆಗಳಿಗೂ ಸಲ್ಲತಕ್ಕುದಲ್ಲ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯು ಶರಣಸಾಹಿತ್ಯಕ್ಕೆ ಹೊರತಾದುದಲ್ಲ. ಏಕಾಂತದ ರಾಮಯ್ಯನು ಆಳಂದದಲ್ಲಿ ಜನಿಸಿದನೆಂದು ಅಬ್ಬಲೂರಿನ ಶಾಸನವು ತಿಳಿಸುತ್ತದೆ. ಅಖಂಡೇಶ್ವರನ ಅಂಕಿತದಲ್ಲಿ ವಚನಗಳನ್ನು ರಚಿಸಿದ ಷಣ್ಮುಖಸ್ವಾಮಿಗಳು ಜೇವರ್ಗಿಯವರು. ಇದೇ ಜಿಲ್ಲೆಯ ಕೆಲವೆಡೆಗಳಲ್ಲಿ ಅಂತರ್ಜಲದ ಫ್ಲೋರೈಡು, ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದು ಕಂಡುಬಂದಿದೆ. ಇಲ್ಲಿ ವಚನವನ್ನು ಪಾಠಹೇಳುವವರು ಎಲುಬಿನ ಸಾಕ್ಷ್ಯವನ್ನೂ ವಿಚಾರಿಸಬೇಕಾಗುತ್ತದೆ.

ದೇಹದಲ್ಲಿ ನಿಲ್ಲುವ ಫ್ಲೋರೈಡಿನಲ್ಲಿ ನೂರಕ್ಕೆ ಸುಮಾರು 99 ಪಾಲು ಎಲುಬು ಹಲ್ಲುಗಳನ್ನೇ ಸೇರುತ್ತದೆ. ರಕ್ತಗತವಾದುದರಲ್ಲಿ ವಯಸ್ಕರ ಶರೀರವು ಸುಮಾರು ಅರ್ಧವನ್ನೂ, ಬೆಳೆಯುವ ಮಕ್ಕಳ ಶರೀರವು ಅದಕ್ಕೂ ಹೆಚ್ಚನ್ನೂ ಹಿಡಿದಿಡುವುದು. ಮಿಕ್ಕುದನ್ನು ಮೂತ್ರಪಿಂಡಗಳು ಹೊರದೂಡುವುವು. ಎಲುಬಿನ ಖನಿಜದೊಳಕ್ಕೆ ಹೊಕ್ಕ ಅಂಶವು, ಎಲುಬು ಸವೆದು ಮತ್ತೆ ಕಟ್ಟಿಕೊಳ್ಳುವಾಗ ಮಾತ್ರ, ಅನೇಕ ವರ್ಷಗಳಲ್ಲಿ ಅಲ್ಪಾಲ್ಪವಾಗಿ ಬಿಡುಗಡೆಯಾಗುವುದು. ಆದಕಾರಣ ವಯಸ್ಸು ಏರಿದಂತೆ ಸಂಗ್ರಹವೂ ಏರುತ್ತದೆ. ಆ ಏರಿಕೆಯ ವೇಗವನ್ನಾದರೋ ನಿರ್ಣಯಿಸುವುದು ಮುಖ್ಯವಾಗಿ ಕುಡಿಯುವ ನೀರು. 1937ರಲ್ಲಿ ಶಾರ್ಟ್ ಮೊದಲಾದ ವೈದ್ಯರು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನೆಲುಬು ಬಿಗಿದವರನ್ನು ಪರೀಕ್ಷಿಸಿ ಈ ಕಾರಣವನ್ನೇ ಎತ್ತಿ ತೋರಿಸಿದರು.

ಕಾವ್ಯದ ಕ್ರಮವು ಇಲ್ಲಿ ತಲೆಕೆಳಗಾಗುವುದು ಗಮನಾರ್ಹವಾದ ಸಂಗತಿ. ಕವಿಸಮಯದಲ್ಲಿ ಹಲ್ಲು ಕೆಡುವುದು ಕಡೆಗಾಲದ ಗುರುತು. ಫ್ಲೋರೈಡಿನ ಬಾಧೆಯಲ್ಲಿ ಹಲ್ಲಿನ ಕಲೆಯೇ ಮೊದಲ ಗುರುತು; ಹಲ್ಲು ರೂಪುಗೊಳ್ಳುವ ಮೊದಲ ಎಂಟು ವರ್ಷಗಳೊಳಗೆ ಅದರ ಬೀಜ ಬಿದ್ದಿರುತ್ತದೆ. ಬೆನ್ನಿನ ಸರದಿ ಬರುವುದು ದಶಕಗಳ ತರುವಾಯ, ಆದರೂ ಎಷ್ಟೋ ವೇಳೆ ನರೆಗೆ ಮುಂಚಿತವಾಗಿ.

ಇದರಿಂದ ವಚನಕ್ಕೆ ಕುಂದೇನೂ ಇಲ್ಲ. ಅದರ ಎಚ್ಚರಿಕೆಯ ಸತ್ತ್ವವಿರುವುದು ಕಾಲ ಮೀರುವ ಮುನ್ನವೆಂಬ ಭಾವದಲ್ಲಿ, ಆ ಭಾವಕ್ಕೆ ಇಲ್ಲಿ ಮತ್ತಷ್ಟು ತೂಕವೇ ಬರುತ್ತದೆ. ದೋಷವಿರುವುದು ವ್ಯಾಖ್ಯಾನದಲ್ಲಿ. ಕಾಲವು ಬಾಗಿಸಿದ ಬೆನ್ನಿಗೆ ಪರಿಹಾರವಿಲ್ಲ. ನೀರು ಬಾಗಿಸಿದ ಬೆನ್ನೂ ಬಾಗಿದ ಮೇಲೆ ನೇರವಾಗದು, ಆದರೆ ಬಾಗದಂತೆ ಮೊದಲೇ ತಡೆಯಬಹುದು. ನಿವಾರ್ಯವಾದುದನ್ನು ಅನಿವಾರ್ಯವೆಂದು ಬೋಧಿಸುವ ಪಾಠವು ಕವಿಗೂ ನ್ಯಾಯವೆಸಗದು, ಕಲೆಬಿದ್ದ ಹಲ್ಲುಗಳ ವಿದ್ಯಾರ್ಥಿಗೂ ನ್ಯಾಯವೆಸಗದು.