ಜಾರುವ ಹಲಗೆಯ ಏಳು ಸಾಲು

ಕೆಲವು ಹಾಯಿದೋಣಿಗಳ ಅಡಿಯಲ್ಲಿ ಬೇಕೆಂದಾಗ ಇಳಿಸಿ, ಬೇಡವೆಂದಾಗ ಎತ್ತಿಕೊಳ್ಳುವ ಒಂದು ಹಲಗೆ ಇರುತ್ತದೆ. ಅದರ ವಿದ್ಯೆ ನೆನಪಿನಲ್ಲಿ ಉಳಿಯಲೆಂದು ಏಳು ಸಾಲು ಬರೆದಿಟ್ಟುಕೊಂಡಿದ್ದೇನೆ. ಸಾಲು ನನ್ನದು, ಟೀಕೆಯೂ ನನ್ನದೇ. ಒಳಗಿನ ತಿಳಿವಳಿಕೆ ಮಾತ್ರ ತಲೆತಲಾಂತರದಿಂದ ನೀರಿನ ಮೇಲೆ ಬಾಳಿದವರದು.

೧. ದೋಣಿಗೆ ದಡವೂ ಬೇಕು, ಆಳವೂ ಬೇಕು.

'ಬೇಕು' ಎರಡು ಸಲ ಬಂದಿದೆ. ಎರಡೂ ಒಂದೇ ಬಗೆಯ ಬೇಕಲ್ಲ. ದಡ ಬೇಕಾದದ್ದು ಜನರಿಗೆ: ಹತ್ತಲು, ಇಳಿಯಲು, ಸರಕು ತುಂಬಲು. ಆಳ ಬೇಕಾದದ್ದು ದೋಣಿಯ ಮೈಗೆ. ತುಂಗಭದ್ರೆಯ ಹರಗೋಲನ್ನು ನೆನೆಯಿರಿ. ಬುಟ್ಟಿಯಂಥ ಅಡಿ, ಮೊಣಕಾಲುದ್ದದ ನೀರಿನಲ್ಲೂ ಬಂಡೆ ತಪ್ಪಿಸಿಕೊಂಡು ತೇಲುತ್ತದೆ. ಆದರೆ ನೀರೊಳಗೆ ಇಳಿದ ಅಂಗವೇ ಇಲ್ಲದ್ದರಿಂದ ಗಾಳಿ ತಳ್ಳಿದತ್ತ ಅದು ಹೋಗುತ್ತದೆ. ಅದಕ್ಕೆ ಹಾಯಿ ಕಟ್ಟಿ ಗಾಳಿಗೆ ಎದುರಾಗಿ ಸಾಗುವ ಮಾತೇ ಇಲ್ಲ. ಇತ್ತ ಅಡಿಮರ, ಅಂದರೆ ಕೀಲ್, ಆಳಕ್ಕೆ ಚಾಚಿರುವ ಹಡಗು ಗಾಳಿಗೆ ಎದುರು ನಿಂತೀತು, ಆದರೆ ಅಳಿವೆಯ ಮರಳದಿಬ್ಬದ ಹೊರಗೇ ಲಂಗರು ಹಾಕಬೇಕು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಆಗಬೇಕಾದ ಒಡಲಿನಲ್ಲಿ ಯಾವುದಾದರೂ ಅಂಗ ಸರಿದಾಡಲೇಬೇಕು.

ಬ್ರಿಟಿಷ್ ನೌಕಾಪಡೆಯ ಜಾನ್ ಶ್ಯಾಂಕ್ ಈ ಇಕ್ಕಟ್ಟನ್ನು ಬಿಡಿಸಲು ಬಹುಕಾಲ ಹೆಣಗಿದವನು. 1774ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜಾರುವ ಕೀಲ್‌ನ, ಅಂದರೆ ಏರಿಳಿಸಬಹುದಾದ ಹಲಗೆಯ, ಒಂದು ದೋಣಿ ಕಟ್ಟಿದ. 1790ರಲ್ಲಿ ನೌಕಾಪಡೆಗಾಗಿ 'ಟ್ರಯಲ್' ಎಂಬ ಹಡಗು ಮೂರು ಜಾರುವ ಕೀಲ್‌ಗಳೊಂದಿಗೆ ನೀರಿಗಿಳಿಯಿತು. 1798ರಲ್ಲಿ 'ಲೇಡಿ ನೆಲ್ಸನ್'. ಅದು 60 ಟನ್ನಿನ ಪುಟ್ಟ ಹಡಗು, ಉದ್ದ ಸುಮಾರು 52 ಅಡಿ. ಥೇಮ್ಸ್ ನದಿಯ ನಾವಿಕರು ಅದನ್ನು 'ದೊರೆಯ ಬೆಂಕಿಪೆಟ್ಟಿಗೆ' ಎಂಬರ್ಥದ ಅಡ್ಡಹೆಸರಿನಿಂದ ಛೇಡಿಸುತ್ತಿದ್ದರು. ಕೀಲ್‌ಗಳನ್ನು ಎತ್ತಿಕೊಂಡರೆ ಸುಮಾರು 6 ಅಡಿ ನೀರು ಅದಕ್ಕೆ ಸಾಕು. ಅದೇ ಹಡಗು ಜೇಮ್ಸ್ ಗ್ರಾಂಟ್‌ನ ಕೈಯಲ್ಲಿ ಪೋರ್ಟ್ಸ್‌ಮತ್ ಬಿಟ್ಟು, 1800ರ ಡಿಸೆಂಬರಿನಲ್ಲಿ ಸಿಡ್ನಿ ತಲುಪಿತು. ಆಸ್ಟ್ರೇಲಿಯಾಕ್ಕೂ ಟಾಸ್ಮೇನಿಯಾಕ್ಕೂ ನಡುವಣ ಬಾಸ್ ಜಲಸಂಧಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ಮೊದಲು ದಾಟಿದ್ದು ಅದೇ. ಗ್ರಾಂಟ್ ದಾರಿಯಲ್ಲಿ ಕಂಡ ಬೆಟ್ಟವೊಂದಕ್ಕೆ ಶ್ಯಾಂಕ್‌ನ ಹೆಸರಿಟ್ಟ. ಇಂದಿಗೂ ಅದು ಮೌಂಟ್ ಶ್ಯಾಂಕ್.

೨. ಹಾಯಿ ಎಳೆಯುವುದು ಓರೆಗೆ. ಓರೆಯನ್ನು ತಿದ್ದುವುದು ಹಲಗೆ.

ಎತ್ತಿನ ಗಾಡಿಯ ಚಕ್ರ ಆಳವಾದ ಜಾಡಿಗೆ ಬಿದ್ದಿದೆ ಎನ್ನಿ. ಗಾಡಿಯನ್ನು ಓರೆಯಾಗಿ ತಳ್ಳಿದರೂ ಪಕ್ಕಕ್ಕೆ ಹೋಗಲು ಜಾಡು ಬಿಡುವುದಿಲ್ಲ. ಗಾಡಿ ಮುಂದಕ್ಕೇ ಉರುಳುತ್ತದೆ. ಪಕ್ಕದಿಂದ ಬರುವ ಗಾಳಿ ಹಾಯಿಯನ್ನು ಹೀಗೆಯೇ ಓರೆಗೆ ಎಳೆಯುತ್ತದೆ. ಅಡಿಯ ಹಲಗೆ ದೋಣಿಗೆ ಜಾಡಾಗುತ್ತದೆ.

ಹೋಲಿಕೆ ಇಲ್ಲಿಗೆ ನಿಲ್ಲಬೇಕು, ಏಕೆಂದರೆ ನೀರು ಮಣ್ಣಲ್ಲ. ಹಲಗೆ ಪೂರ್ತಿ ತಡೆಯುವುದಿಲ್ಲ. ದೋಣಿ ಕೆಲವು ಡಿಗ್ರಿಯಷ್ಟು ಪಕ್ಕಕ್ಕೆ ಜಾರುತ್ತಲೇ ಇರುತ್ತದೆ. ಹಾಗೆ ಜಾರುವುದರಿಂದಲೇ ನೀರು ಹಲಗೆಗೆ ಓರೆಯಾಗಿ ಬಡಿದು, ಹಕ್ಕಿಯ ರೆಕ್ಕೆಯನ್ನು ಗಾಳಿ ಎತ್ತಿದಂತೆ, ಹಲಗೆಯನ್ನು ಗಾಳಿ ಬರುವ ದಿಕ್ಕಿಗೆ ಒತ್ತುತ್ತದೆ. ಆ ಒತ್ತು ಹಾಯಿಯ ಪಕ್ಕದ ಎಳೆತಕ್ಕೆ ಸರಿಸಮವಾದಾಗ ಉಳಿಯುವುದು ಮುನ್ನಡೆ. ಹಲಗೆಯನ್ನು ಅಡ್ಡಗೋಡೆ ಎಂದುಕೊಂಡರೆ ತಪ್ಪಾದೀತು. ಅದು ನೀರೊಳಗೆ ಮುಳುಗಿದ ರೆಕ್ಕೆ.

೩. ಗಾಳಿ ಬೆನ್ನಿಗಿದ್ದಾಗ ಹಲಗೆ ಬರಿಯ ಹೊರೆ, ಎತ್ತಿಬಿಡು.

ಹಿಂದಿನಿಂದ ಬರುವ ಗಾಳಿಗೆ ಪಕ್ಕದ ಎಳೆತವಿಲ್ಲ, ಹಲಗೆಗೆ ಕೆಲಸವಿಲ್ಲ. ಹಾಗೇ ಬಿಟ್ಟರೆ ನೀರನ್ನು ಉಜ್ಜುತ್ತಾ ವೇಗ ತಿನ್ನುತ್ತದೆ.

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿದೋಣಿ ಕಲಿಯುವ ಮಕ್ಕಳನ್ನು ಗಮನಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಅವರ 'ಆಪ್ಟಿಮಿಸ್ಟ್' ದೋಣಿ 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದು, ಉದ್ದ 2.3 ಮೀಟರ್, ಮೂತಿ ಚೂಪಿಲ್ಲ, ಮೊಂಡು. ನಡುವೆ ಒಂದು ಸೀಳು, ಅದರೊಳಗೆ ಕೈಯಲ್ಲಿ ಹಿಡಿದು ಎತ್ತಬಹುದಾದ ಹಲಗೆ. ದೋಣಿ ಗಾಳಿಗೆ ಬೆನ್ನು ಕೊಟ್ಟು ತಿರುಗುತ್ತಿದ್ದಂತೆ ಮಗು ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ ಬಿಡದೆ, ಇನ್ನೊಂದು ಕೈಯಲ್ಲಿ ಹಲಗೆಯನ್ನು ಮೇಲಕ್ಕೆಳೆಯುತ್ತದೆ. ಅದಕ್ಕೆ ಸುತ್ತಿದ ಎಲಾಸ್ಟಿಕ್ ದಾರ ಹಲಗೆಯನ್ನು ಎಳೆದಷ್ಟೇ ಎತ್ತರದಲ್ಲಿ ಹಿಡಿದು ನಿಲ್ಲಿಸುತ್ತದೆ. ದೋಣಿ ಮಗುಚಿದರೆ ಈ ಹಲಗೆಗೆ ಇನ್ನೊಂದು ಕೆಲಸ: ಮಗು ಈಜಿ ಬಂದು ಅದರ ಮೇಲೆ ಹತ್ತಿ ನಿಂತು, ಮೈಭಾರವನ್ನೇ ಸನ್ನೆಯಾಗಿಸಿ ದೋಣಿಯನ್ನು ನೆಟ್ಟಗೆ ಮಾಡುತ್ತದೆ. ಪೂರ್ತಿ ಎತ್ತಿಕೊಂಡಿದ್ದರೆ ಆ ಸನ್ನೆ ಸಿಗುವುದಿಲ್ಲ. ಹಾಗಾಗಿ 'ಎತ್ತಿಬಿಡು' ಎಂಬಲ್ಲಿ ತುಸುವಾದರೂ ಕೆಳಗೆ ಉಳಿಸು ಎಂದು ಸೇರಿಸಿಕೊಂಡು ಓದಬೇಕು.

೪. ಮುಂದಿನದನ್ನು ಇಳಿಸಿದರೆ ಮೂತಿ ಗಾಳಿಯತ್ತ. ಹಿಂದಿನದನ್ನು ಇಳಿಸಿದರೆ ಗಾಳಿಯಿಂದ ಆಚೆ.

ನನಗೆ ಅತ್ಯಂತ ಪ್ರಿಯವಾದ ಸಾಲು ಇದು. ದೋಣಿಯ ಮುಂಭಾಗವನ್ನು ನೀರು ಬಲವಾಗಿ ಹಿಡಿದರೆ, ಹಿಡಿತವಿಲ್ಲದ ಹಿಂಭಾಗವನ್ನು ಗಾಳಿ ತಳ್ಳಿಕೊಂಡು ಹೋಗುತ್ತದೆ. ಮೂತಿ ತಾನಾಗಿ ಗಾಳಿಯ ಕಡೆ ಹೊರಳುತ್ತದೆ. ಹಿಂಭಾಗ ಹಿಡಿದರೆ ಇದಕ್ಕೆ ತಿರುವುಮುರುವು. ಅಂದರೆ ಹಲಗೆ ತಡೆಯಷ್ಟೇ ಅಲ್ಲ, ಚುಕ್ಕಾಣಿಯೂ ಹೌದು. ಶ್ಯಾಂಕ್ ಒಂದಲ್ಲ, ಮೂರು ಕೀಲ್ ಇಟ್ಟಿದ್ದರಲ್ಲಿ ಈ ಲಾಭವೂ ಇತ್ತು.

ಅವನಿಗಿಂತ ಎಷ್ಟೋ ಮೊದಲೇ ದಕ್ಷಿಣ ಅಮೆರಿಕದ ಪೆಸಿಫಿಕ್ ಕರಾವಳಿಯ ಜನ ಇದನ್ನು ಅರಗಿಸಿಕೊಂಡಿದ್ದರು. ಈಕ್ವೆಡಾರ್, ಪೆರು ಕಡೆಯ ಬಾಲ್ಸಾ ಮರದ ತೆಪ್ಪಗಳಲ್ಲಿ ದಿಮ್ಮಿಗಳ ಸಂದಿಯೊಳಗೆ 'ಗುವಾರಾ' ಎಂಬ ಹಲಗೆಗಳನ್ನು ಹಿಂದೆ ಮುಂದೆ ಏರಿಳಿಸಿಯೇ ದಿಕ್ಕು ಬದಲಿಸುತ್ತಿದ್ದರು. 1526ರಲ್ಲಿ ಸ್ಪೇನಿನ ದಂಡಯಾತ್ರಿಕ ಪಿಸಾರೊವಿನ ನಾವಿಕ ಬಾರ್ತೊಲೊಮೆ ರೂಯಿಸ್‌ಗೆ ಎದುರಾದದ್ದು ಸರಕು ತುಂಬಿ ಹಾಯಿ ಬಿಚ್ಚಿ ಬರುತ್ತಿದ್ದ ಇಂಥದ್ದೇ ತೆಪ್ಪ. 1947ರಲ್ಲಿ ನಾರ್ವೆಯ ಥೋರ್ ಹೆಯರ್ಡಾಲ್ 'ಕೊನ್‌ಟಿಕಿ' ತೆಪ್ಪದಲ್ಲಿ ಪೆಸಿಫಿಕ್ ದಾಟಿದಾಗ ಹಲಗೆಗಳಿದ್ದರೂ ಈ ಗುಟ್ಟು ಆ ತಂಡಕ್ಕೆ ಪೂರ್ತಿ ತಿಳಿದಿರಲಿಲ್ಲ. ಕೆಲವು ವರ್ಷಗಳ ನಂತರ ಈಕ್ವೆಡಾರಿನ ತೀರದಲ್ಲಿ ಮತ್ತೆ ತೆಪ್ಪ ಕಟ್ಟಿ, ಹಲಗೆಗಳನ್ನು ಏರಿಳಿಸಿ ನೋಡಿದಾಗ ತೆಪ್ಪ ಗಾಳಿಗೆ ಎದುರಾಗಿಯೂ ಅತ್ತಿತ್ತ ಹಾಯ್ದು ಹೊರಟ ಜಾಗಕ್ಕೇ ಮರಳಿತು. ಚುಕ್ಕಾಣಿಯಿಲ್ಲದ ಮರದ ದಿಮ್ಮಿಗಳ ಕಟ್ಟು ಹೀಗೆ ಹೇಳಿದ ಮಾತು ಕೇಳುವುದನ್ನು ಕಲ್ಪಿಸಿಕೊಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

೫. ಸರಿಯುವುದಕ್ಕೆ ಸೀಳು ಬೇಕು, ಸೀಳಿದಲ್ಲಿ ನೀರಿದೆ.

ದೋಣಿಯ ತಳವನ್ನು, ಅದೂ ನಟ್ಟನಡುವೆ, ಕೊರೆಯುವುದೆಂದರೆ ಸಣ್ಣ ಮಾತಲ್ಲ. ಕೊರೆದ ಸೀಳಿನ ಸುತ್ತ ನೀರಿನ ಮಟ್ಟಕ್ಕಿಂತ ಎತ್ತರದ ಪೆಟ್ಟಿಗೆ ಕಟ್ಟಬೇಕು. ಬಾವಿಯ ಹಾಗೆ ನೀರು ಅದರೊಳಗೇ ನಿಲ್ಲಬೇಕು. ಹಲಗೆಯ ಮೇಲೆ ಬೀಳುವ ಒತ್ತಡವೆಲ್ಲ ಪೆಟ್ಟಿಗೆಯ ಬುಡವನ್ನು ಅತ್ತಿತ್ತ ಅಲುಗಿಸುತ್ತದೆ. ಸೋರಿಕೆ ಶುರುವಾಗುವುದು ಆ ಬುಡದಲ್ಲೇ. ದಡಕ್ಕೆ ಎಳೆದಾಗ ಮರಳು, ಹರಳು ಸೀಳಿಗೆ ಹೊಕ್ಕು ಹಲಗೆ ಸಿಕ್ಕಿಕೊಳ್ಳುತ್ತದೆ.

ಲೇಡಿ ನೆಲ್ಸನ್ ತೆತ್ತ ಬೆಲೆಯನ್ನೂ ಇಲ್ಲೇ ಹೇಳಬೇಕು. 1802ರಲ್ಲಿ ಅದು ಮ್ಯಾಥ್ಯೂ ಫ್ಲಿಂಡರ್ಸ್‌ನ 'ಇನ್ವೆಸ್ಟಿಗೇಟರ್' ಹಡಗಿನ ಜೊತೆಗೆ ಆಸ್ಟ್ರೇಲಿಯಾದ ಪೂರ್ವ ತೀರ ಹಿಡಿದು ಉತ್ತರಕ್ಕೆ ಹೊರಟಿತ್ತು. ದೊಡ್ಡ ಹಡಗು ಹೋಗಲಾರದ ಆಳವಿಲ್ಲದ ನೀರಿಗೆ ಇಳಿಯುವುದು ಇದರ ಪಾಲಿನ ಕೆಲಸ. ದಾರಿಯಲ್ಲಿ ನಡುವಿನ ಕೀಲ್ ಹೋಯಿತು, ಹಿಂದಿನದರ ಒಂದು ಭಾಗವೂ ಮುರಿಯಿತು. ಆಮೇಲೆ ಅದು ಗಾಳಿಗೆ ಎದುರು ನಿಲ್ಲದಾಯಿತು, ಪಕ್ಕಕ್ಕೆ ಜಾರುತ್ತಾ ಹಿಂದುಳಿಯಿತು. ಅಕ್ಟೋಬರಿನಲ್ಲಿ ಫ್ಲಿಂಡರ್ಸ್ ಅದನ್ನು ಸಿಡ್ನಿಗೆ ವಾಪಸು ಕಳಿಸಿದ. ಯಾವ ಅಂಗ ಅದನ್ನು ಅಷ್ಟು ದೂರ ತಂದಿತ್ತೋ ಅದೇ ಅಂಗ ಅದನ್ನು ಹಿಂದಕ್ಕೆ ಕಳಿಸಿತು. ಇದರಿಂದ ಶ್ಯಾಂಕ್ ಸೋತ ಎಂದು ನಾನು ಒಪ್ಪುವುದಿಲ್ಲ. ಕೀಲ್ ಮುರಿದರೂ ಒಡಲು ಒಡೆಯಲಿಲ್ಲ. ಅದೇ ಹಡಗು ರಿಪೇರಿಯಾಗಿ 1825ರವರೆಗೂ ದುಡಿಯಿತು.

೬. ಜಾರುವುದನ್ನು ಕೀಲಿಗೆ ಸಿಕ್ಕಿಸಿದರೆ ತಾನೇ ಮೇಲೇಳುತ್ತದೆ.

ಇಲ್ಲಿಯ 'ಕೀಲು' ಕನ್ನಡದ ಕೀಲು, ಬಾಗಿಲಿಗೆ, ಮೊಣಕೈಗೆ ಇರುವಂಥದ್ದು. ಇಂಗ್ಲಿಷಿನ ಕೀಲ್‌ಗೂ ಇದಕ್ಕೂ ನಂಟಿಲ್ಲ; ಆದರೂ ಎರಡೂ ಒಂದೇ ಕಡೆ ಸೇರಿಬಂದದ್ದು ನನಗೆ ಖುಷಿ. ನೆಟ್ಟಗೆ ಇಳಿಯುವ ಹಲಗೆ ನೆಲಕ್ಕೆ ಬಡಿದರೆ ಮುರಿಯುತ್ತದೆ, ಇಲ್ಲವೆ ಪೆಟ್ಟಿಗೆಯನ್ನೇ ಕೀಳುತ್ತದೆ. 1811ರಲ್ಲಿ ನ್ಯೂಜೆರ್ಸಿಯ ಕೇಪ್ ಮೇ ಭಾಗದ ಸ್ವೇನ್ ಮನೆತನದ ಮೂವರು ಪೇಟೆಂಟ್ ಪಡೆದ ಹಲಗೆ ಮುಂಭಾಗದ ಒಂದು ಮೂಲೆಯಲ್ಲಿ ಗೂಟಕ್ಕೆ ಸಿಕ್ಕಿಕೊಂಡು ತಿರುಗುವಂಥದ್ದು. ದಿಬ್ಬಕ್ಕೆ ತಾಗಿದರೆ ಹಿಂದಕ್ಕೆ ಮಡಚಿ ಮೇಲೇಳುತ್ತದೆ, ದಾಟಿದ ಮೇಲೆ ಇಳಿಯುತ್ತದೆ.

೭. ಒಂದು ಅಂಗ ಸರಿದರೆ ಇನ್ನೊಂದಕ್ಕೆ ಕೆಲಸ ಹುಟ್ಟುತ್ತದೆ.

ಇಂದಿನ ಸಾಗರ ಪಂದ್ಯಗಳ ಕೆಲವು ದೊಡ್ಡ ಹಾಯಿನೌಕೆಗಳಲ್ಲಿ ಕೀಲ್ ಮೇಲೆ ಕೆಳಗೆ ಹೋಗುವುದಿಲ್ಲ, ಲೋಲಕದಂತೆ ಪಕ್ಕಕ್ಕೆ ತೂಗುತ್ತದೆ. ತುದಿಯಲ್ಲಿ ಭಾರದ ಗುಂಡು. ಹೈಡ್ರಾಲಿಕ್ ಯಂತ್ರ ಅದನ್ನು ಗಾಳಿ ಬರುವ ಕಡೆಗೆ ಎತ್ತಿ ಹಿಡಿಯುತ್ತದೆ. ಎತ್ತಿನ ಗಾಡಿ ಒಂದು ಕಡೆ ವಾಲಿದಾಗ ಜನ ಇನ್ನೊಂದು ಕಡೆಗೆ ಜೋತುಬಿದ್ದಂತೆ. ನೌಕೆ ನೆಟ್ಟಗಾಗಿ ಹೆಚ್ಚು ಹಾಯಿ ಹೊರುತ್ತದೆ. ಆದರೆ ಓರೆಯಾದ ಕೀಲ್‌ಗೆ ಪಕ್ಕದ ಜಾರಿಕೆಯನ್ನು ತಡೆಯುವ ಶಕ್ತಿ ಕುಂದುತ್ತದೆ. ಆ ಕೆಲಸಕ್ಕೆಂದು ಕೀಲ್‌ನ ಮುಂದೆ ಎಡಕ್ಕೊಂದು ಬಲಕ್ಕೊಂದು ಹಲಗೆ ಇಳಿಸುತ್ತಾರೆ; ಬಾಲ್ಸಾ ತೆಪ್ಪದ ದಿಮ್ಮಿಗಳ ಸಂದಿಯಲ್ಲಿ ಇಳಿಯುತ್ತಿದ್ದ ಗುವಾರಾದ ಹಾಗೆ, ಸೀಳಿನೊಳಗಿಂದ ಕೆಳಕ್ಕೆ ಜಾರುವ ಅದೇ ಹಲಗೆ.